ಮೆನೋಪಾಸ್ ಕ್ಲಿನಿಕ್: ಮೆದುಳಿನಿಂದ ಶುರು ಮಾಡಿದ ಡಾಕ್ಟರು

ನನಗೆ 48. ಮುಟ್ಟು ಏರುಪೇರು, ರಾತ್ರಿಯಿಡೀ ಬೆವರು. ಇಲ್ಲಿನ ಡಾಕ್ಟರು ಅಂಡಾಶಯದ ಮಾತಿಗೇ ನಿಲ್ಲದೆ ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ವಿವರಿಸಿದರು. ಅಲ್ಲಿನ ಕಿಸ್‌ಪೆಪ್ಟಿನ್ ನರಕೋಶಗಳು ಮುಟ್ಟಿನ ಚಕ್ರಕ್ಕೆ ಚಾಲನೆ ಕೊಡುವ ಜಿಎನ್‌ಆರ್‌ಎಚ್ ಹಾರ್ಮೋನು ಮಿಡಿತದಂತೆ ಬಿಡುಗಡೆಯಾಗುವಂತೆ ಮಾಡುತ್ತವೆ. ಅಂಡಾಶಯದ ಹಾರ್ಮೋನು ಈಸ್ಟ್ರೋಜನ್ ಇಳಿದರೆ ಅವಕ್ಕೆ ಕಡಿವಾಣ ತಪ್ಪಿ, ದೇಹದ ತಾಪ ನಿಯಂತ್ರಣವೂ ಕೆಡುತ್ತದೆ. ಅದೇ ಈ ಬೆವರು. ಕೊಬ್ಬಿನ ಕೋಶಗಳ ಹಾರ್ಮೋನು ಲೆಪ್ಟಿನ್, ಜೊತೆಗೆ ಇನ್ಸುಲಿನ್ ಕೂಡ ಅದೇ ಜಾಲಕ್ಕೆ ಶಕ್ತಿಯ ಲೆಕ್ಕ ಒಪ್ಪಿಸುತ್ತವಂತೆ. ನಿದ್ದೆ, ಸೊಂಟದ ಸುತ್ತಳತೆ, ಸಕ್ಕರೆ ಎಲ್ಲ ಯಾಕೆ ಕೇಳಿದರೆಂದು ಆಗ ತಿಳಿಯಿತು. 45 ದಾಟಿದವರಿಗೆ ಸಾಮಾನ್ಯವಾಗಿ ಮೆನೋಪಾಸ್ ಗುರುತಿಸಲು ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು) ಪರೀಕ್ಷೆ ಬೇಕಿಲ್ಲ, ಈ ಹಂತದಲ್ಲಿ ಅದು ತುಂಬಾ ಏರಿಳಿಯುತ್ತದೆ ಎಂದು ಸುಮ್ಮನೆ ಬರೆದುಕೊಡದೆ ಬಿಟ್ಟದ್ದು ಬಹಳ ಹಿಡಿಸಿತು. ಆಹಾರ ಸಲಹೆ ಮಾತ್ರ ಸಾಲದು. ಎಲ್ಲರಿಗೂ ಒಂದೇ ಅಚ್ಚಿನ ಹಾಳೆ ಕೊಡುತ್ತಾರೆ. ಆದರೂ ಅಕ್ಕನನ್ನು ಇಲ್ಲಿಗೇ ಕರೆತರುತ್ತೇನೆ.