ಉಚಿತ ಬಸ್ಸಿನಲ್ಲಿ ಕಾಲೇಜು ನೋಡಲು ಹೊರಟವರಿಗೆ

ಸೆಕೆಂಡ್ ಪಿಯುಸಿ ಫಲಿತಾಂಶ ಬಂದ ಮನೆಗಳಲ್ಲಿ ಈಗ ಮೊಬೈಲಿಗೆ ಬಿಡುವಿಲ್ಲ. ಕೇಳರಿಯದ ಕಾಲೇಜುಗಳಿಂದ ಕರೆಯ ಮೇಲೆ ಕರೆ. ಮಗುವಿನ ಹೆಸರು, ಓದಿದ ವಿಷಯ, ಕೆಲವರಿಗೆ ಅಂಕ ಕೂಡ ಗೊತ್ತಿರುತ್ತದೆ. ‘ಒಮ್ಮೆ ಬಂದು ಕ್ಯಾಂಪಸ್ ನೋಡಿ, ಬಸ್ಸು ನಮ್ಮದು, ಊಟ ನಮ್ಮದು, ಒತ್ತಾಯವೇನೂ ಇಲ್ಲ’ ಎನ್ನುತ್ತಾರೆ. ಉಡುಪಿ, ಮಂಗಳೂರು ಕಡೆಯ ತಂದೆತಾಯಂದಿರು ಹೊರಡುವ ಮುನ್ನ ಇದನ್ನು ಓದಬೇಕು ಎಂದು ಬರೆಯುತ್ತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಕಾಲೇಜು ನೋಡಲು ಹೋಗುವ ದಿನ ಮೂಲ ಅಂಕಪಟ್ಟಿ ಮನೆಯ ಕಪಾಟಿನಲ್ಲೇ ಇರಲಿ. ಅಲ್ಲಿ ಯಾರು ಏನೇ ಹೇಳಿದರೂ ಅಂದು ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಮ್ಮದು ಬ್ರಹ್ಮಾವರದ ಕಡೆ. ಮಗಳು ಸಿಇಟಿ ಬರೆದು ರ‍್ಯಾಂಕಿಗೆ ಕಾಯುತ್ತಿದ್ದಳು. ಮಂಗಳೂರಿನ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಕರೆ ಬಂತು. ಅಂಕದ ಆಧಾರದ ಮೇಲೆ ಶುಲ್ಕ ವಿನಾಯಿತಿ ಲೆಕ್ಕ ಹಾಕಲು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ ತರಬೇಕು ಎಂದು ಸಂದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಉಡುಪಿಯಲ್ಲಿ ಬಸ್ಸು ಹತ್ತಿದಾಗ ನಮ್ಮ ಹಾಗೆ ಮಕ್ಕಳನ್ನು ಕರೆದುಕೊಂಡು ಬಂದವರೇ ತುಂಬಿದ್ದರು, ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ಪಡುಬಿದ್ರಿ, ಮೂಲ್ಕಿ ದಾಟಿ ಸುರತ್ಕಲ್‌ನ ಎನ್‌ಐಟಿಕೆ ಮುಂದೆ ಹಾದುಹೋಗುವಾಗ ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿದರು. ಬಸ್ಸಿನಲ್ಲಿ ನಮ್ಮೊಂದಿಗಿದ್ದ ಕಾಲೇಜಿನ ಯುವಕ ಮಾತ್ರ ‘ಅಲ್ಲಿ ಜೆಇಇ ಬೇಕು, ನಮ್ಮಲ್ಲಿ ಆ ತಲೆನೋವಿಲ್ಲ’ ಎಂದ.

ಜಾಹೀರಾತಿನಲ್ಲಿ ‘ಮಂಗಳೂರು’ ಎಂದಿದ್ದ ಆ ಜಾಗ ನಗರದ ನಡುವಿನ ಹಂಪನಕಟ್ಟೆಯಿಂದ ಎಷ್ಟೋ ದೂರ. ಮುಖ್ಯರಸ್ತೆಯಿಂದ ಒಳಗೆ ಹೋಗಲು ಅವರ ಬಸ್ಸು ಬಿಟ್ಟರೆ ಬೇರೆ ವಾಹನ ಕಾಣಲಿಲ್ಲ. ಉಚಿತ ಬಸ್ಸಿನಲ್ಲಿ ಹೋದವರಿಗೆ ಇದು ತಿಳಿಯುವುದೇ ಇಲ್ಲ. ಮಳೆಗಾಲದಲ್ಲಿ ಸಂಜೆ ಲ್ಯಾಬ್ ಮುಗಿಸಿ ಹೊರಟ ಹುಡುಗಿ ಎಲ್ಲಿ ಇಳಿಯುತ್ತಾಳೆ, ಎಷ್ಟು ದೂರ ನಡೆಯುತ್ತಾಳೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ನಮ್ಮ ಕಾಲಿನಿಂದಲೇ ತಿಳಿದುಕೊಳ್ಳಬೇಕು.

ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ಲಕ್ಷಗಳಲ್ಲಿ ಸಂಬಳದ ಅಂಕಿ, ಪಕ್ಕದಲ್ಲಿ ನಗುವ ಒಬ್ಬ ವಿದ್ಯಾರ್ಥಿಯ ಚಿತ್ರ. ಅದು ಒಬ್ಬನ ಸಂಬಳ. ಉಳಿದವರದು ಎಷ್ಟು ಎಂದು ನಾನು ಎದ್ದು ಕೇಳಿದೆ. ‘ಪ್ಲೇಸ್‌ಮೆಂಟ್ ಅಧಿಕಾರಿ ಮಧ್ಯಾಹ್ನ ಬಂದು ಹೇಳುತ್ತಾರೆ’ ಎಂದರು. ಅವರು ಬರಲಿಲ್ಲ.

ಆಮೇಲೆ ಕ್ಯಾಂಪಸ್ ಸುತ್ತಾಟ. ಕಂಪ್ಯೂಟರ್ ಲ್ಯಾಬಿನಲ್ಲಿ ಸಾಲಾಗಿ ಹೊಸ ಯಂತ್ರಗಳು. ಕೀಬೋರ್ಡುಗಳ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆದಿರಲಿಲ್ಲ. ಬಾಗಿಲ ಬಳಿ ದಾರಕ್ಕೆ ಕಟ್ಟಿದ್ದ ಪುಸ್ತಕವನ್ನು ಮಗಳು ತೆರೆದು ನೋಡಿದಳು. ಲ್ಯಾಬಿಗೆ ಬಂದವರು ಹೆಸರು, ಸಮಯ ಬರೆದು ಸಹಿ ಹಾಕುವ ಆ ಪುಸ್ತಕದಲ್ಲಿ ಗೆರೆ ಎಳೆದದ್ದು ಬಿಟ್ಟರೆ ಒಂದಕ್ಷರ ಇರಲಿಲ್ಲ. ಹಾಸ್ಟೆಲಿನಲ್ಲಿ ತೋರಿಸಿದ್ದು ನೆಲಮಹಡಿಯ ಒಂದೇ ಕೋಣೆ. ಹಾಸಿಗೆಯ ಮೇಲಿನ ಚಾದರಕ್ಕೆ ಅಂಗಡಿಯಿಂದ ತಂದ ಮಡಿಕೆಯ ಗುರುತು ಹಾಗೆಯೇ ಇತ್ತು. ಮೇಲಿನ ಮಹಡಿ ನೋಡಬೇಕು ಎಂದಾಗ ‘ಮಕ್ಕಳು ಓದುತ್ತಿದ್ದಾರೆ, ತೊಂದರೆಯಾಗುತ್ತದೆ’ ಎಂದು ವಾರ್ಡನ್ ಮೆಟ್ಟಿಲಿಗೆ ಅಡ್ಡ ನಿಂತರು. ನಮ್ಮನ್ನು ಸುತ್ತಿಸುತ್ತಿದ್ದ ವಿದ್ಯಾರ್ಥಿನಿ ಪ್ರತಿ ಪ್ರಶ್ನೆಗೂ ಮೊದಲು ಹಿಂದೆ ಬರುತ್ತಿದ್ದ ಸಿಬ್ಬಂದಿಯ ಮುಖ ನೋಡಿ ಆಮೇಲೆ ಉತ್ತರಿಸುತ್ತಿದ್ದಳು. ಕೈತೊಳೆಯುವಲ್ಲಿ ಅವಳೊಬ್ಬಳೇ ಸಿಕ್ಕಾಗ ‘ಎಪ್ರಿಲ್ ಬಂತೆಂದರೆ ನೀರಿಗೆ ಕಷ್ಟ ಆಂಟಿ’ ಎಂದಷ್ಟೇ ಹೇಳಿ ಹೊರಟುಹೋದಳು. ಆ ದಿನ ನನಗೆ ಸಿಕ್ಕ ಸತ್ಯವಾದ ಮಾಹಿತಿ ಅದೊಂದೇ.

ಇಷ್ಟೇ ಆಗಿದ್ದರೆ ಒಂದು ದಿನ ಹಾಳಾಯಿತು ಎಂದು ಸುಮ್ಮನಾಗಬಹುದಿತ್ತು. ಊಟದ ನಂತರ ಒಂದೊಂದೇ ಕುಟುಂಬವನ್ನು ‘ಕೌನ್ಸೆಲಿಂಗ್’ ಕೋಣೆಗೆ ಕರೆದರು. ಅಂಕಪಟ್ಟಿಗಳನ್ನು ತೆಗೆದುಕೊಂಡು ಜೆರಾಕ್ಸ್‌ಗೆಂದು ಒಳಗೆ ಕಳುಹಿಸಿದರು. ಮೇಜಿನ ಆಚೆ ಇದ್ದವರು ಮಾತು ಶುರುಮಾಡಿದ್ದೇ ಹೀಗೆ: ‘ಮೇಡಂ, ನಿಮ್ಮ ಮಗಳು ಕೇಳುವ ಬ್ರಾಂಚಿನಲ್ಲಿ ಉಳಿದಿರುವುದು ನಾಲ್ಕೇ ಸೀಟು. ಇಂದು 25,000 ರೂಪಾಯಿ ಕಟ್ಟಿದರೆ ವಿನಾಯಿತಿ ಸಿಗುತ್ತದೆ, ನಾಳೆಗೆ ಈ ದರ ಇರುವುದಿಲ್ಲ. ಸಿಇಟಿಯಲ್ಲಿ ಬೇರೆ ಕಡೆ ಸೀಟಾದರೆ ಪೂರ್ತಿ ಹಣ ವಾಪಸ್.’ ಹೊರಗೆ ಬಸ್ಸು ಹಾರ್ನ್ ಹಾಕುತ್ತಿತ್ತು. ಪಕ್ಕದ ಮೇಜಿನಲ್ಲಿ ಇನ್ನೊಂದು ಕುಟುಂಬ ಅದೇ ಬ್ರಾಂಚಿಗೆ ಹಣ ಕಟ್ಟುತ್ತಿತ್ತು. ಮಗಳ ಮುಖ ಸಣ್ಣದಾಯಿತು. ಹಣ ಕಟ್ಟಿದೆವು. ರಸೀದಿ ಕಾಲೇಜಿನ ಹೆಸರಿನಲ್ಲಿರಲಿಲ್ಲ, ಯಾವುದೋ ಟ್ರಸ್ಟಿನ ಹೆಸರಿನಲ್ಲಿತ್ತು. ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ನೋಂದಣಿ ಶುಲ್ಕ, ಹಿಂದಿರುಗಿಸಲಾಗುವುದಿಲ್ಲ’ ಎಂದಿತ್ತು. ಫೈಲು ಕೈಗೆ ಬಂದಾಗ ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜಾಗದಲ್ಲಿ ಜೆರಾಕ್ಸ್ ಮಾತ್ರ ಇತ್ತು. ಮೂಲಪ್ರತಿ ‘ಪ್ರವೇಶದ ಕಡತದಲ್ಲಿ ಭದ್ರವಾಗಿರುತ್ತದೆ’ ಎಂದರು.

ಮುಂದೆ ಮಗಳಿಗೆ ಸಿಇಟಿ ಮೂಲಕ ಬೇರೆ ಕಾಲೇಜಿನಲ್ಲಿ ಸೀಟು ಹಂಚಿಕೆಯಾಯಿತು. ಆ ಕಾಲೇಜಿಗೆ ಸೇರಲು ಮೂಲ ದಾಖಲೆಗಳು ಬೇಕು, ಅದಕ್ಕೂ ಕೊನೆಯ ದಿನಾಂಕ ಇರುತ್ತದೆ. ಅಂಕಪಟ್ಟಿ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಫೋನು ಮಾಡಿದರೆ ಎತ್ತುವುದಿಲ್ಲ. ನೇರವಾಗಿ ಹೋದಾಗ ‘ರದ್ದತಿ ಶುಲ್ಕ’ ಎಂದು ಇನ್ನಷ್ಟು ಹಣ ಕೇಳಿದರು. ಒಂದು ಹೆಣ್ಣುಮಗುವಿನ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಂಡು ಚೌಕಾಸಿ ಮಾಡುವವರ ಕೈಯಲ್ಲಿ ನಾಲ್ಕು ವರ್ಷ ಮಕ್ಕಳನ್ನು ಬಿಡುವುದು ಹೇಗೆ?

ಇಲ್ಲಿ ನಮ್ಮನ್ನು ಕಾಪಾಡಿದ್ದು ನನ್ನ ಅಣ್ಣ ಹುಡುಕಿ ತೆಗೆದ ನಿಯಮಗಳು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೂಲ ದಾಖಲೆಗಳನ್ನು ವಿದ್ಯಾರ್ಥಿಯ ಎದುರಿನಲ್ಲೇ ಪರಿಶೀಲಿಸಿ ಕೂಡಲೇ ಮರಳಿಸಬೇಕು. ದೃಢೀಕರಿಸಿದ ಪ್ರತಿಯನ್ನು ಮಾತ್ರ ಇಟ್ಟುಕೊಳ್ಳಬಹುದು. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಹಿಂದೆ ಸರಿದರೆ ಪೂರ್ತಿ ಶುಲ್ಕ ವಾಪಸ್ ಕೊಡಬೇಕು, ಹಿಡಿದುಕೊಳ್ಳುವ ಸಂಸ್ಕರಣಾ ಶುಲ್ಕ ಕಟ್ಟಿದ ಮೊತ್ತದ ಶೇ. 5ನ್ನು, ಗರಿಷ್ಠ 5,000 ರೂಪಾಯಿಯನ್ನು ಮೀರುವಂತಿಲ್ಲ. ಇಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ನಿಯಮ ಇನ್ನೂ ಬಿಗಿ: ಗಡುವಿನೊಳಗೆ ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಕಡಿತ ಮಾಡುವಂತಿಲ್ಲ. ಇಷ್ಟನ್ನೂ ಎರಡು ಪುಟದಲ್ಲಿ ಬರೆದು ಪ್ರಾಂಶುಪಾಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಅದರ ಪ್ರತಿ ಹಿಡಿದು ಅಣ್ಣನೇ ಕಚೇರಿಗೆ ಹೋದ. ಒಳಗೆ ಏನೋ ಮಾತಾಡಿಕೊಂಡರು. ಅಂಕಪಟ್ಟಿ ಅಂದೇ ಸಿಕ್ಕಿತು. ಹಣ ಮಾತ್ರ ಸಿಗಲಿಲ್ಲ, ‘ಟ್ರಸ್ಟಿಗೆ ಬರೆಯಿರಿ’ ಎಂದು ಕಳುಹಿಸಿದರು.

ಕಾಲೇಜು ನೋಡಲೇಬಾರದು ಎಂದು ನಾನು ಹೇಳುತ್ತಿಲ್ಲ. ನೋಡಲೇಬೇಕು, ಆದರೆ ಅವರು ಕರೆದ ದಿನ ಅಲ್ಲ. ಸಿಇಟಿ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ‘ಆಪ್ಷನ್ ಎಂಟ್ರಿ’ಗೆ ಮೊದಲು, ತರಗತಿ ನಡೆಯುವ ಒಂದು ಸಾಮಾನ್ಯ ದಿನ, ಸರ್ವಿಸ್ ಬಸ್ಸಿನಲ್ಲಿ, ಹೇಳದೆ ಹೋಗಿ. ಆಪ್ಷನ್ ಪಟ್ಟಿಯಲ್ಲಿ ಮೇಲೆ ಹಾಕಬೇಕೆಂದಿದ್ದ ಕಾಲೇಜುಗಳಿಗೆ ನಾನು ಮತ್ತು ಮಗಳು ಸೀಟು ಹಂಚಿಕೆಗೆ ಮೊದಲೇ ಹೀಗೆಯೇ ಹೋಗಿದ್ದೆವು. ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕುಳಿತರೆ ಮೂರನೇ ವರ್ಷದ ಮಕ್ಕಳು ತಾವಾಗಿಯೇ ಮಾತಾಡುತ್ತಾರೆ. ಯಾವ ವಿಷಯಕ್ಕೆ ಉಪನ್ಯಾಸಕರು ಸೆಮಿಸ್ಟರ್ ನಡುವೆಯೇ ಬಿಟ್ಟುಹೋದರು, ಯಾವ ಕಂಪನಿ ನಿಜವಾಗಿಯೂ ಬಂತು, ಹಾಸ್ಟೆಲಿನಲ್ಲಿ ಮೀನು ಯಾವ ದಿನ, ಎಲ್ಲವೂ ಗೊತ್ತಾಗುತ್ತದೆ. ಒಂದು ಕಾಲೇಜಿನಲ್ಲಂತೂ ಸಿಬ್ಬಂದಿಯೊಬ್ಬರು ಕೆಲಸ ಬಿಟ್ಟು ಬಂದು ಗ್ರಂಥಾಲಯ ತೋರಿಸಿದರು, ಹಣದ ಮಾತನ್ನೇ ಎತ್ತಲಿಲ್ಲ. ಅಂಥ ಜಾಗಗಳೂ ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಆದ್ದರಿಂದಲೇ ಈ ಬಸ್ಸಿನವರ ಮೇಲೆ ನನಗೆ ಇಷ್ಟು ಕೋಪ.

ಹೊರಡುವ ಮುನ್ನ ಮನೆಯಲ್ಲೇ ಕುಳಿತು ನೋಡಬಹುದಾದದ್ದೂ ಇದೆ. ಕಾಲೇಜಿನ ಫಲಕಗಳಲ್ಲಿ ಗುಣಮಟ್ಟದ ಮಾನ್ಯತೆ ಎಂದು ನ್ಯಾಕ್, ಎನ್‌ಬಿಎ ಎರಡನ್ನೂ ಒಟ್ಟಿಗೆ ಬರೆದಿರುತ್ತಾರೆ. ನ್ಯಾಕ್ ಇಡೀ ಸಂಸ್ಥೆಗೆ ಕೊಡುವ ಶ್ರೇಣಿ. ಎನ್‌ಬಿಎ ಮಾನ್ಯತೆ ಸಿಗುವುದು ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ, ಅದೂ ಇಷ್ಟು ವರ್ಷಕ್ಕೆ ಎಂದು. ಮೆಕ್ಯಾನಿಕಲ್ ವಿಭಾಗಕ್ಕೆ ಸಿಕ್ಕ ಮಾನ್ಯತೆಯನ್ನು ತೋರಿಸಿ ಮೊನ್ನೆ ಮೊನ್ನೆ ತೆರೆದ ಕೃತಕ ಬುದ್ಧಿಮತ್ತೆ ಬ್ರಾಂಚಿಗೆ ಮಕ್ಕಳನ್ನು ಸೆಳೆಯುವುದು ಸುಲಭ. ನಿಮ್ಮ ಮಗುವಿನ ಬ್ರಾಂಚಿನ ಹೆಸರು ಎನ್‌ಬಿಎ ಜಾಲತಾಣದಲ್ಲಿ ಇದೆಯೇ ನೋಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಮಕ್ಕಳು ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳದ ಮಧ್ಯಾಂಕ ಎಷ್ಟು ಎಂದು ಲಿಖಿತವಾಗಿ ಕೊಟ್ಟಿರುತ್ತವೆ, ತಮ್ಮ ಜಾಲತಾಣದಲ್ಲೂ ಹಾಕಿರುತ್ತವೆ. ಮಧ್ಯಾಂಕ ಎಂದರೆ, ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಪರದೆಯ ಮೇಲಿನ ಅಂಕಿಗಿಂತ ಈ ಸಂಖ್ಯೆ ಮನೆಯ ಸಾಲದ ಲೆಕ್ಕಕ್ಕೆ ಬರುತ್ತದೆ. ಹಿಂದಿನ ವರ್ಷ ಆ ಬ್ರಾಂಚಿನಲ್ಲಿ ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಎಂಬುದು ಸಿಇಟಿ ನಡೆಸುವ ಕೆಇಎ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ನೋಡಿದವರು ‘ನಾಲ್ಕೇ ಸೀಟು’ ಎಂಬ ಮಾತಿಗೆ ಹೆದರುವುದಿಲ್ಲ.

ಈಗಾಗಲೇ ಹಣವೋ ಅಂಕಪಟ್ಟಿಯೋ ಸಿಕ್ಕಿಹಾಕಿಕೊಂಡಿದ್ದರೆ ಫೋನಿನಲ್ಲಿ ಜಗಳವಾಡುತ್ತ ದಿನ ಕಳೆಯಬೇಡಿ. ಪ್ರವೇಶ ಬೇಡ ಎಂದು ದಿನಾಂಕ ಹಾಕಿ ಅಂದೇ ಬರೆದುಕೊಡಿ, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ, ಏಕೆಂದರೆ ಎಷ್ಟು ಹಣ ವಾಪಸ್ ಬರಬೇಕು ಎಂಬುದು ಈ ದಿನಾಂಕದ ಮೇಲೆಯೇ ನಿಂತಿದೆ. ಬಗ್ಗದಿದ್ದರೆ ಯುಜಿಸಿಯ ಇ-ಸಮಾಧಾನ್ ಜಾಲತಾಣದಲ್ಲಿ, ಎಐಸಿಟಿಇಯ ದೂರು ವಿಭಾಗದಲ್ಲಿ ದೂರು ದಾಖಲಿಸಬಹುದು. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ನಾವು ದೂರು ಕೊಟ್ಟಾಗಿದೆ. ರಸೀದಿಯ ಪ್ರತಿ, ಮೊದಲ ದಿನ ಬಂದ ಸಂದೇಶ, ಹಣ ಪಾವತಿಯ ವಿವರ ಮೂರನ್ನೂ ಲಗತ್ತಿಸಿದ್ದೇವೆ. ಆ ಬಸ್ಸಿನಲ್ಲಿ ನಮ್ಮ ಜೊತೆ ಬಂದಿದ್ದ ಇನ್ನೊಂದು ಕುಟುಂಬದವರೂ ತಮ್ಮ ದೂರನ್ನು ಸಿದ್ಧಪಡಿಸುತ್ತಿದ್ದಾರೆ.