ಏರುವ ಚರ್ಮ, ಹಿಡಿಯುವ ಅಂಟು: ಸ್ಕೀ ಟೂರಿಂಗ್ ಸ್ಕಿನ್‌ಗಳೊಂದಿಗೆ ನಾಲ್ಕು ಚಳಿಗಾಲ

ಹಿಮದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಜಾರುವವರನ್ನು ಸಿನಿಮಾದಲ್ಲಾದರೂ ಎಲ್ಲರೂ ಕಂಡಿರುತ್ತಾರೆ. ಅದೇ ಸ್ಕೀ ಕಟ್ಟಿಕೊಂಡು, ಕೇಬಲ್ ಕಾರಿನ ಹಂಗಿಲ್ಲದೆ, ಬೆಟ್ಟ ಹತ್ತುವವರನ್ನು ಕಂಡವರು ನಮ್ಮಲ್ಲಿ ಕಡಿಮೆ. ಹತ್ತುವಾಗ ಸ್ಕೀ ಹಿಂದಕ್ಕೆ ಜಾರದಂತೆ ಅದರ ತಳಕ್ಕೆ ಅಂಟಿಸುವ ಉದ್ದನೆಯ ಪಟ್ಟಿಗೆ ಇಂಗ್ಲಿಷಿನವರು ಸ್ಕಿನ್ ಎನ್ನುತ್ತಾರೆ, ಜರ್ಮನ್ನರು ಫೆಲ್ ಎನ್ನುತ್ತಾರೆ, ಫ್ರೆಂಚರಂತೂ ಇಂದಿಗೂ ‘ಪೋ ದ ಫೋಕ್’, ಅಂದರೆ ಸೀಲ್ ಪ್ರಾಣಿಯ ಚರ್ಮ, ಎಂದೇ ಕರೆಯುತ್ತಾರೆ. ಹಿಂದೊಮ್ಮೆ ನಿಜವಾಗಿಯೂ ಸೀಲ್ ಚರ್ಮವನ್ನು ಬಾರು ಬಿಗಿದು ಸ್ಕೀಗೆ ಕಟ್ಟುತ್ತಿದ್ದರು. ಈಗ ಚರ್ಮ ಹೋಗಿ ಮಖಮಲ್ಲಿನಂಥ ನೇಯ್ಗೆ ಬಂದಿದೆ, ಬಾರಿನ ಜಾಗದಲ್ಲಿ ಅಂಟು ಬಂದಿದೆ, ಆದರೆ ತತ್ತ್ವ ಬದಲಾಗಿಲ್ಲ: ಕೂದಲೆಲ್ಲ ಒಂದೇ ದಿಕ್ಕಿಗೆ, ಹಿಂದಕ್ಕೆ, ಮಲಗಿರುತ್ತದೆ. ಚಿಕ್ಕಂದಿನಲ್ಲಿ ಗೋಧಿಯ ತೆನೆಯನ್ನು ಅಂಗಿಯ ತೋಳಿನೊಳಗೆ ತೂರಿಸಿ, ಕೈ ಆಡಿಸಿದಂತೆಲ್ಲ ಅದು ಮೇಲಕ್ಕೇ ಏರುತ್ತ ಹೋಗುವುದನ್ನು ನೋಡಿ ನಕ್ಕವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ನಾನು ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದು, ನಾಲ್ಕು ಚಳಿಗಾಲಗಳಿಂದ ವಾರಾಂತ್ಯಗಳಲ್ಲಿ ಸ್ಕೀ ಟೂರಿಂಗ್ ಮಾಡುತ್ತಿದ್ದೇನೆ. ನನ್ನ ಸ್ಕೀಗಳ ಉದ್ದ 164 ಸೆಂಟಿಮೀಟರ್, ಮುಂಭಾಗದ ಅಗಲ 122 ಮಿಲಿಮೀಟರ್, ನಡುವಿನ ಅಗಲ 88. ಅವಕ್ಕೆ ಮೊದಲ ವರ್ಷ ಸೆಕೆಂಡ್ ಹ್ಯಾಂಡ್ ನೈಲಾನ್ ಸ್ಕಿನ್‌ಗಳನ್ನು ಹಾಕಿದ್ದೆ. ಆಮೇಲಿನ ಮೂರು ವರ್ಷ ಸ್ವಿಟ್ಜರ್ಲೆಂಡಿನ ಪೊಮೊಕಾ ಕಂಪನಿಯ, 70 ಪಾಲು ಮೊಹೇರ್ 30 ಪಾಲು ನೈಲಾನ್ ಇರುವ ಮಿಶ್ರ ಸ್ಕಿನ್‌ಗಳನ್ನು ಬಳಸಿದ್ದೇನೆ. ನಡುವೆ ಗೆಳತಿಯೊಬ್ಬಳ ಹೈಬ್ರಿಡ್ ಅಂಟಿನ ಜೋಡಿಯನ್ನು ಐದಾರು ಬಾರಿ ಎರವಲು ಪಡೆದದ್ದೂ ಉಂಟು. ಈ ಮೂರರ ಅನುಭವದಿಂದ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಅಂಗಡಿಯಲ್ಲಿ ಅರ್ಧ ಗಂಟೆ ಚರ್ಚೆಯಾಗುವುದು ಕೂದಲಿನ ಬಗ್ಗೆ. ಬೆಟ್ಟದ ಮೇಲೆ ದಿನವನ್ನು ಉಳಿಸುವುದೂ ಕೆಡಿಸುವುದೂ ಅಂಟು ಮತ್ತು ಅಂಚಿನ ಕತ್ತರಿಕೆ.

ಕೂದಲಿನ ಮಾತನ್ನು ಬೇಗ ಮುಗಿಸುತ್ತೇನೆ. ಮೊಹೇರ್ ಎಂದರೆ ಅಂಗೋರಾ ಮೇಕೆಯ ಕೂದಲು. ಅದು ಮೃದು, ಹಗುರ, ಮಡಚಿದರೆ ಸಣ್ಣ ಗಂಟಾಗುತ್ತದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮುಂದಕ್ಕೆ ಚೆನ್ನಾಗಿ ಜಾರುತ್ತದೆ. ನೈಲಾನ್ ಗಟ್ಟಿ, ಹೆಚ್ಚು ಬಾಳಿಕೆ ಬರುತ್ತದೆ, ಕಡಿದಾದ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಬೆಲೆಯೂ ಕಡಿಮೆ; ಆದರೆ ಪ್ರತಿ ಹೆಜ್ಜೆಯಲ್ಲೂ ಕಂಬಳಿಯ ಮೇಲೆ ಪೆಟ್ಟಿಗೆ ಎಳೆದಂತೆ ಒಂದಿಷ್ಟು ಎಳೆತ ಉಳಿಯುತ್ತದೆ. ಸಾವಿರ ಮೀಟರ್ ಏರುವ ದಿನ ಸ್ಕೀಯನ್ನು ಎಷ್ಟು ಸಾವಿರ ಸಲ ಮುಂದಕ್ಕೆ ತಳ್ಳಬೇಕೆಂದು ಯೋಚಿಸಿದರೆ ಆ ಸಣ್ಣ ಎಳೆತ ಸಣ್ಣದಲ್ಲ. ಸ್ಪರ್ಧೆಗಿಳಿಯುವವರು ಪೂರ್ತಿ ಮೊಹೇರ್ ಬಳಸುತ್ತಾರೆ. ಹೊಸಬರಿಗೆ ನೈಲಾನೇ ಒಳ್ಳೆಯದೆಂದು ಹಲವರು ಹೇಳುತ್ತಾರೆ, ಬ್ಲ್ಯಾಕ್ ಡೈಮಂಡ್ ಕಂಪನಿಯ ನೈಲಾನ್ ‘ಅಸೆನ್ಶನ್’ ಬಹಳ ಕಾಲದಿಂದ ಈ ವರ್ಗದ ಪರಿಚಿತ ಹೆಸರು. ನನಗೆ ಆ ಸಲಹೆ ಪೂರ್ತಿ ಒಪ್ಪಿಗೆಯಿಲ್ಲ. ಹೊಸಬರು ಕಡಿದಾದ ಕಡೆ ಹೋಗುವುದೇ ಅಪರೂಪ, ಅವರಿಗೆ ಬೇಗ ಕೈಕೊಡುವುದು ಉಸಿರು. ಆದ್ದರಿಂದ ಜಾರುವ ಗುಣವೂ ಹಿಡಿಯುವ ಗುಣವೂ ಸೇರಿದ ಮಿಶ್ರ ಸ್ಕಿನ್ ಮೊದಲ ಖರೀದಿಗೇ ಸರಿ ಎಂಬುದು ನನ್ನ ಅಭಿಪ್ರಾಯ. ನೈಲಾನಿನಿಂದ ಮಿಶ್ರಕ್ಕೆ ಬದಲಾದ ದಿನ, ಅದೇ ದಾರಿಯಲ್ಲಿ, ಅದೇ ಜೊತೆಗಾರರ ಹಿಂದೆ, ನಾನು ಮೊದಲ ಬಾರಿಗೆ ಮಾತನಾಡುತ್ತ ಹತ್ತಿದೆ.

ಇನ್ನು ಅಂಟು. ಮಲೆನಾಡಿನಲ್ಲಿ ಹಲಸಿನ ಹಣ್ಣು ಬಿಡಿಸಿದವರಿಗೆ ಇದರ ಸ್ವಭಾವ ಅರ್ಧ ಗೊತ್ತಿದೆ: ಹಿಡಿಯಬೇಕಾದ್ದನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ ಹಿಡಿಯಬಾರದ್ದನ್ನೂ ಹಿಡಿಯುತ್ತದೆ. (ನಮ್ಮೂರಲ್ಲಿ ಹಲಸಿನ ಅಂಟಿಗೂ ಮೇಣವೆಂದೇ ಹೆಸರು, ಈ ಬರಹದಲ್ಲಿ ಮೇಣವೆಂದರೆ ವ್ಯಾಕ್ಸ್ ಮಾತ್ರ.) ಸಾಂಪ್ರದಾಯಿಕ ಅಂಟು ಬಿಸಿ ಮಾಡಿ ಬಳಿದದ್ದು, ಬೆರಳಿಟ್ಟರೆ ಜಿಗುಟು; ಹೊಸ ಜೋಡಿಯ ಎರಡು ಸ್ಕಿನ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಲು ಒಂದು ತುದಿಯನ್ನು ಕಾಲಡಿ ಮೆಟ್ಟಿ ಇನ್ನೊಂದು ತುದಿಯನ್ನು ಎರಡೂ ಕೈಗಳಿಂದ ಜಗ್ಗಬೇಕಾಗುತ್ತದೆ. ಗಾಳಿ ಬೀಸುತ್ತಿರುವ ಶಿಖರದಲ್ಲಿ ಇದು ಒಂದು ಕುಸ್ತಿಯೇ. ಹೈಬ್ರಿಡ್ ಅಂಟು ಇದಕ್ಕೆ ಪರಿಹಾರವಾಗಿ ಬಂದದ್ದು. ಅದು ಬೆರಳಿಗೆ ಅಂಟುವುದೇ ಇಲ್ಲವೆನ್ನಬಹುದು, ಕಾಗದ ಎತ್ತಿದಷ್ಟು ಸುಲಭವಾಗಿ ಸ್ಕೀಯಿಂದ ಏಳುತ್ತದೆ, ಕೊಳೆಯಾದರೆ ಒರೆಸಿ ತೆಗೆಯಬಹುದು.

ಗೆಳತಿಯ ಹೈಬ್ರಿಡ್ ಜೋಡಿಯನ್ನು ಮೊದಲ ಎರಡು ಸಲ ಬಳಸಿದಾಗ, ನಾಳೆಯೇ ಇಂಥದ್ದು ಕೊಳ್ಳಬೇಕು ಅನ್ನಿಸಿತ್ತು. ಮೂರನೆಯ ಸಲ ಒಂದೇ ದಿನ ಎರಡು ಏರು ಇಟ್ಟುಕೊಂಡಿದ್ದೆವು. ಮೊದಲ ಏರಿನ ನಂತರ ಬಿಚ್ಚಿದ ಸ್ಕಿನ್ನಿನ ಅಂಟಿನ ಮೇಲೆ ಗಾಳಿ ತಂದ ಹಿಮದ ಪುಡಿ ಕೂತಿತ್ತು. ನಾನು ಅದನ್ನು ಕೈಯಿಂದ ಸವರಿ, ಮಡಚಿ ಚೀಲಕ್ಕೆ ಹಾಕಿದೆ. ಎರಡನೆಯ ಏರಿನಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬಾಲದ ಕಡೆಯಿಂದ ಸ್ಕಿನ್ ಎದ್ದು, ಅದರ ಮತ್ತು ಸ್ಕೀಯ ನಡುವೆ ಹಿಮ ನುಗ್ಗಿ, ಪ್ರತಿ ಹೆಜ್ಜೆಗೂ ಇನ್ನೊಂದು ಗೇಣು ಬಿಟ್ಟುಕೊಳ್ಳುತ್ತ ಬಂತು. ಕೊನೆಗೆ ರಬ್ಬರಿನ ಸ್ಕೀ ಪಟ್ಟಿಗಳಿಂದ ನಡುವಿನಲ್ಲಿಯೂ ಬಾಲದಲ್ಲಿಯೂ ಬಿಗಿದು, ಅಜ್ಜನ ಕಾಲದ ಸೀಲ್ ಚರ್ಮದವರಂತೆಯೇ ಮೇಲೆ ತಲುಪಿದೆ. ತಪ್ಪು ನನ್ನದೂ ಹೌದು: ತಳವನ್ನು ಒಣಗಿಸಿ ಒರೆಸದೆ, ತೇವವಿರುವಂತೆಯೇ ಅಂಟಿಸಿದ್ದೆ. ಆದರೆ ಅಷ್ಟೇ ಅಜಾಗರೂಕತೆಯನ್ನು ನನ್ನ ಜಿಗುಟು ಅಂಟು ಹಲವು ಸಲ ಕ್ಷಮಿಸಿದೆ. ದಿನಕ್ಕೊಂದೇ ಏರು, ಒಣ ಹವೆ, ಅಚ್ಚುಕಟ್ಟಿನ ಕೈ ಇರುವವರಿಗೆ ಹೈಬ್ರಿಡ್ ಸುಖ. ನನ್ನಂಥವರಿಗೆ ಹಳೆಯ ಜಿಗುಟೇ ವಾಸಿ. ಯಾವುದನ್ನು ಕೊಂಡರೂ ಎರಡು ರಬ್ಬರ್ ಪಟ್ಟಿಗಳನ್ನು ಚೀಲದಲ್ಲಿ ಇಟ್ಟುಕೊಳ್ಳದೆ ಮನೆ ಬಿಡಬಾರದು.

ಚಳಿಯ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ. ಅಂಟು ತಣ್ಣಗಾದಷ್ಟೂ ಗಡುಸಾಗಿ ಹಿಡಿತ ಬಿಡುತ್ತದೆ. ಮತ್ತೆ ಹತ್ತುವುದಿದ್ದರೆ ಸ್ಕಿನ್‌ಗಳನ್ನು ಚೀಲಕ್ಕಲ್ಲ, ಜಾಕೆಟ್ಟಿನ ಒಳಗೆ, ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಕು. ಇಳಿಯುವಾಗ ಬಸುರಿಯಂತೆ ಕಾಣುತ್ತೇವೆ, ಅಷ್ಟೇ.

ಕತ್ತರಿಸುವ ಕೆಲಸವನ್ನು ಅಂಗಡಿಯವರೇ ಮಾಡಿಕೊಡುತ್ತಾರೆ, ಮನೆಯಲ್ಲೂ ಮಾಡಿಕೊಳ್ಳಬಹುದು. ಸ್ಕಿನ್ ಅಗಲವನ್ನು ಸ್ಕೀಯ ಅತಿ ಅಗಲದ ಜಾಗಕ್ಕೆ ಹೊಂದಿಸಿ ಕೊಳ್ಳಬೇಕು. ನನ್ನ 122ಕ್ಕೆ 120 ಮಿಲಿಮೀಟರಿನ ಪಟ್ಟಿ ಸಾಕಾಯಿತು. ಅದನ್ನು ಸ್ಕೀಯ ತಳಕ್ಕೆ ಅಂಟಿಸಿ, ಸೊಂಟದ ಕಡೆ ಒಳಗೆ ಬಾಗುವ ಆಕಾರಕ್ಕೆ ಸರಿಯಾಗಿ ಹೊರಚಾಚಿದ ಭಾಗವನ್ನು ಕೊಯ್ದು ತೆಗೆಯುತ್ತಾರೆ. ಇಲ್ಲಿ ನೆನಪಿಡಬೇಕಾದದ್ದು, ತಳವೆಲ್ಲ ಮುಚ್ಚಬೇಕು ಆದರೆ ಎರಡೂ ಬದಿಯ ಲೋಹದ ಅಂಚು ಮುಚ್ಚಬಾರದು ಎಂಬುದು. ಪೆಟ್ಟಿಗೆಯೊಂದಿಗೆ ಬರುವ ಕೊಯ್ಯುವ ಉಪಕರಣದಲ್ಲಿ ಅಂಚಿಗೆ ತಾಗಿ ನಡೆಯುವ ಒಂದು ಮೆಟ್ಟಿಲಿದ್ದು, ಬ್ಲೇಡು ಅದಕ್ಕಿಂತ ಎರಡು ಮಿಲಿಮೀಟರಿನಷ್ಟು ಒಳಗೆ ಓಡುತ್ತದೆ. ನನ್ನ ಮೊದಲ ನೈಲಾನ್ ಜೋಡಿಗೆ ಉಪಕರಣ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸಾಧಾರಣ ಬ್ಲೇಡಿನಿಂದ, ಸ್ಕೀಯ ಹೊರ ಅಂಚಿಗೇ ತಾಗಿಸಿ, ಒಂದೇ ಎಳೆತಕ್ಕೆ ಕೊಯ್ದು, ಎಷ್ಟು ನೀಟಾಗಿದೆ ಎಂದು ಬೀಗಿದ್ದೆ. ಆ ನೀಟಿನ ಬೆಲೆ ಗೊತ್ತಾದದ್ದು ಬೆಳಗಿನ ಜಾವ ಗಟ್ಟಿಗಟ್ಟಿದ ಇಳಿಜಾರನ್ನು ಅಡ್ಡ ಹಾಯುವಾಗ. ಬೇರೆಯವರ ಸ್ಕೀ ಅಂಚು ಕರಕರನೆ ಹಿಮಗಡ್ಡೆಗೆ ಕಚ್ಚಿ ನಿಲ್ಲುತ್ತಿತ್ತು. ನನ್ನ ಅಂಚಿನ ಮೇಲೆ ನೈಲಾನಿನ ಚೌಕಟ್ಟು ಕೂತು, ಕಾಲು ಬದಿಗೆ, ಕೆಳಕ್ಕೆ, ಮೆಲ್ಲಗೆ ಸರಿಯುತ್ತ ಹೋಯಿತು. ಅಲ್ಲೇ ಕುಳಿತು ಸ್ಕೀ ಬಿಚ್ಚಿ, ಬೂಟಿನಿಂದ ಹೆಜ್ಜೆ ಕುಟ್ಟಿಕೊಂಡು ದಾಟಿದೆ. ಮನೆಗೆ ಬಂದು ಅದೇ ಬ್ಲೇಡಿನಿಂದ ಎರಡೆರಡು ಮಿಲಿಮೀಟರ್ ಕೊಯ್ಯುವಾಗ ನೆಲದ ಮೇಲೆಲ್ಲ ಕಪ್ಪು ನೂಲು ಹರಡಿ, ಅವು ಅಂಟಿನ ಮೇಲೆ ಕೂತು, ಒಂದೊಂದನ್ನೇ ಚಿಮಟದಿಂದ ಕೀಳುತ್ತ ರಾತ್ರಿ ಕಳೆಯಿತು. ಕೊಯ್ಯುವಾಗ ಅಂಟಿನ ಮೇಲಿನ ಹಾಳೆಯನ್ನು ಒಮ್ಮೆಗೇ ತೆಗೆಯದೆ, ಬೇಕಾದಷ್ಟು ಮಾತ್ರ ಸುರುಳಿ ಬಿಚ್ಚುತ್ತ ಹೋಗುವುದು ಲೇಸು.

ಸ್ಕಿನ್ನನ್ನು ಸ್ಕೀಯ ಎರಡು ಕೊನೆಗಳಿಗೆ ಸಿಕ್ಕಿಸುವ ತುದಿಯ ಬಳೆ ಮತ್ತು ಬಾಲದ ಕೊಕ್ಕೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಕೀಯ ಮೂತಿ ಅಗಲವೋ ಚೂಪೋ ನೋಡಿ, ಬಳೆ ಅಲ್ಲಾಡದೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿದರೆ ಸಾಕು.

ಏಪ್ರಿಲ್ ತಿಂಗಳ ಒಂದು ದಿನವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸ್ಕಿನ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧವನ್ನು ಆ ದಿನ ಕಲಿತೆ. ಗ್ರೌಬ್ಯುಂಡನ್ ಪ್ರಾಂತದ ಯೂಲಿಯರ್ ಕಣಿವೆಮಾರ್ಗದ ಪಕ್ಕದ ಬಿವಿಯೊ 1,769 ಮೀಟರ್ ಎತ್ತರದ ಸಣ್ಣ ಹಳ್ಳಿ. ಕೂರ್ ಪಟ್ಟಣದಿಂದ ಹಳದಿ ಅಂಚೆ ಬಸ್ಸು ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ರೋಕಾಬೆಲ್ಲಾ ಎಂಬ ಶಿಖರಕ್ಕೆ ಸುಮಾರು 960 ಮೀಟರ್ ಏರು, ಹೊಸಬರೂ ಹೋಗುವ ಸೌಮ್ಯ ದಾರಿ. ಬಿಸಿಲಿಗೆ ಬಿದ್ದ ಇಳಿಜಾರಿನಲ್ಲಿ ಹಿಮ ಒದ್ದೆಯಾಗಿ, ಸ್ಕಿನ್ನಿನ ಕೂದಲು ನೀರು ಕುಡಿಯಿತು. ಆಮೇಲೆ ದಾರಿ ದಿಬ್ಬವೊಂದರ ನೆರಳಿಗೆ ತಿರುಗಿತು, ಅಲ್ಲಿ ಇನ್ನೂ ಚಳಿಗಾಲದ ಒಣ ಪುಡಿಹಿಮವಿತ್ತು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒದ್ದೆ ಕೂದಲು ಹೆಪ್ಪುಗಟ್ಟಿ, ಅದಕ್ಕೆ ಪುಡಿಹಿಮ ಮೆತ್ತಿ, ನಾಲ್ಕು ಬೆರಳಿನಷ್ಟು ದಪ್ಪದ ಗಡ್ಡೆ ಎರಡೂ ಸ್ಕೀಗಳ ಕೆಳಗೆ ಬೆಳೆಯಿತು. ಜರ್ಮನ್ ಮಾತಿನವರು ಇದಕ್ಕೆ ‘ಶ್ಟೋಲೆನ್’ ಎನ್ನುತ್ತಾರೆ. ಮಳೆಗಾಲದಲ್ಲಿ ಉತ್ತ ಎರೆಹೊಲದಲ್ಲಿ ಚಪ್ಪಲಿ ಹಾಕಿ ನಡೆದವರಿಗೆ ಅದರ ಭಾರ ಗೊತ್ತು: ಕಾಲೆತ್ತಿದರೆ ಹೊಲವೇ ಜೊತೆಗೆ ಏಳುತ್ತದೆ. ನಾನು ನಿಂತು, ಕಾಲು ಝಾಡಿಸಿ, ಕೋಲಿನಿಂದ ಕುಟ್ಟಿ, ಮತ್ತೆ ಹೊರಟು, ಮತ್ತೆ ನಿಂತೆ. ನಿಂತಷ್ಟೂ ಹೆಚ್ಚು ಮೆತ್ತಿತು. ಹಿಂದಿನಿಂದ ಬಂದ ಹಿರಿಯರೊಬ್ಬರು ನನ್ನ ಸ್ಕೀಯನ್ನು ತಿರುವಿ ಹಾಕಿಸಿ, ಜೊತೆಗಾರರ ಸ್ಕೀಯ ಲೋಹದ ಅಂಚಿನಿಂದ ಗಡ್ಡೆಯನ್ನು ಕೂದಲು ಮಲಗಿದ ದಿಕ್ಕಿಗೇ ಹೆರೆದು, ತಮ್ಮ ಜೇಬಿನ ಮೇಣದ ತುಂಡನ್ನು ಅದೇ ದಿಕ್ಕಿನಲ್ಲಿ ಒತ್ತಿ ಉಜ್ಜಿ ಕೊಟ್ಟರು. ಆಮೇಲೆ, ಕಾಲು ಎತ್ತಬೇಡಿ, ಎಳೆಯಿರಿ, ನೆರಳು ಮುಗಿಯುವವರೆಗೆ ನಿಲ್ಲಬೇಡಿ ಎಂದರು. ಶಿಖರದವರೆಗೂ ಅದು ಮತ್ತೆ ಮೆತ್ತಲಿಲ್ಲ. ಅಂದಿನಿಂದ ಮಾರ್ಚ್ ಬಂತೆಂದರೆ ಹಿಂದಿನ ರಾತ್ರಿಯೇ ಮೇಣ ಉಜ್ಜಿಡುತ್ತೇನೆ, ಒಂದು ತುಂಡು ಜೇಬಿನಲ್ಲೂ ಇರುತ್ತದೆ.

ಅವರು ಹೇಳಿದ ‘ಎಳೆಯಿರಿ’ ಎಂಬ ಮಾತು ಎಲ್ಲ ಕಾಲಕ್ಕೂ ಅನ್ವಯಿಸುತ್ತದೆ. ಸ್ಕಿನ್ ಹಿಡಿಯುವುದು ಮೈಭಾರ ಹಿಮ್ಮಡಿಯ ಮೇಲೆ, ಅಂದರೆ ಸ್ಕೀಯ ನಡುವೆ, ಬಿದ್ದಾಗ. ಕಡಿದಾದ ಜಾಗ ಬಂತೆಂದು ಹೆದರಿ ಮುಂದಕ್ಕೆ ಬಾಗಿದರೆ, ಅಥವಾ ಏರಿನಲ್ಲಿ ಹಿಮ್ಮಡಿಗೆ ಆಸರೆಯಾಗಲೆಂದು ಅದರ ಕೆಳಗಿರುವ ಎತ್ತರಿಕೆಯನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಏರಿಸಿದರೆ, ಭಾರ ಬೆರಳುಗಳಿಗೆ ಹೋಗಿ ಎಂಥ ದುಬಾರಿ ಸ್ಕಿನ್ನಾದರೂ ಹಿಂದಕ್ಕೆ ಜಾರುತ್ತದೆ. ಅಂಗಡಿಗೆ ಹೋಗಿ ಸ್ಕಿನ್ ಹಿಡಿಯುವುದಿಲ್ಲವೆಂದು ಜಗಳವಾಡುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ನಾನು ಪರೀಕ್ಷಿಸಿಕೊಳ್ಳದೆಯೇ ಹೋಗಿದ್ದೆ. ಇನ್ನು, 30 ಡಿಗ್ರಿ ಮೀರಿದ ಇಳಿಜಾರು ಹಿಮಕುಸಿತದ ಜಾಗ. ಸ್ಕಿನ್ ಹಿಡಿಯುತ್ತದೆ ಎಂಬುದು ಅಲ್ಲಿಗೆ ಹೋಗಲು ಪರವಾನಗಿಯಲ್ಲ, ದಾವೋಸಿನ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಸಂಜೆ 5ಕ್ಕೆ ಹೊರಡಿಸುವ ಹಿಮಕುಸಿತ ಪ್ರಕಟಣೆಯನ್ನು ಓದಿಯೇ ದಾರಿ ಆರಿಸಬೇಕು.

ಆರೈಕೆಯಲ್ಲಿ ಜನ ಮಾಡುವ ದೊಡ್ಡ ತಪ್ಪು ಒಲೆಯ ಹತ್ತಿರ ಒಣಗಿಸುವುದು. ಬೆಟ್ಟದ ಗುಡಿಸಲುಗಳಲ್ಲಿ ಸಂಜೆ ಒಲೆಯ ಮೇಲಿನ ಕಂಬಿಗೆ ಹತ್ತಾರು ಸ್ಕಿನ್ ನೇತಾಡುತ್ತಿರುತ್ತವೆ. ಕಾದ ಅಂಟು ಸಡಿಲಗೊಂಡು, ಮರುದಿನ ಸ್ಕಿನ್ ಕಿತ್ತಾಗ ಸ್ಕೀಯ ತಳದಲ್ಲೇ ಉಳಿದುಬಿಡುತ್ತದೆ. ಕೋಣೆಯ ಸಾಧಾರಣ ಬಿಸಿಯಲ್ಲಿ, ಬಿಸಿಲು ಬೀಳದ ಕಡೆ ನೇತು ಹಾಕಬೇಕು. ಒಣಗಿದ ಮೇಲೆ ಅಂಟಿಗೆ ಅಂಟು ಕೂಡಿಸಿ, ಅಥವಾ ನಡುವೆ ಬಲೆಯ ಹಾಳೆ ಇಟ್ಟು, ಬೇಸಿಗೆಯಿಡೀ ತಂಪಾದ ಕತ್ತಲೆಯಲ್ಲಿಡಬೇಕು. ಉದುರಿದ ಕೂದಲು ಅಂಟಿಗೆ ಮೆತ್ತುವುದರಿಂದ ನಾಯಿ ಸಾಕಿದವರು ಇನ್ನೂ ಎಚ್ಚರವಾಗಿರಬೇಕು.

ಗುಲ್ಮಾರ್ಗಿಗೆ ಹೋಗುವ ಬೆಂಗಳೂರಿನ ಗೆಳೆಯರು ಸ್ಕಿನ್ ಬೇಕೇ ಎಂದು ಕೇಳುತ್ತಾರೆ. ಅಲ್ಲಿ ಗೊಂಡೋಲಾ ಎಂಬ ಕೇಬಲ್ ಕಾರು ಅಫರ್ವಾಟ್ ಬೆಟ್ಟದ ಭುಜದವರೆಗೂ ಒಯ್ಯುವುದರಿಂದ ಅದರ ಆಸುಪಾಸಿನಲ್ಲೇ ಇಳಿಯುವವರಿಗೆ ಬೇಡ. ಗೊಂಡೋಲಾ ಬಿಟ್ಟು ಕಾಡಿನ ಕಡೆ ಹತ್ತುವವರಿಗೆ ಬೇಕು. ಬಾಡಿಗೆಗೆ ಪಡೆಯುವುದಾದರೆ ಸ್ಕೀಯ ಜೊತೆಗೆ ಹಾಕಿ, ಅಂಚು ಹೊರಗಿದೆಯೇ, ಅಂಟು ಬೆರಳಿಗೆ ತಾಗುತ್ತದೆಯೇ ಎಂದು ಬೆಳಕಿನಲ್ಲಿ ನೋಡಿ ತೆಗೆದುಕೊಳ್ಳಿ. ಒಮ್ಮೆ ನಾನು ಬೇರೊಂದು ಊರಿನ ಅಂಗಡಿಯಿಂದ ನೋಡದೆ ತಂದ ಜೋಡಿಯಲ್ಲಿ ಎರಡೂ ಬೇರೆಬೇರೆ ಉದ್ದದವಾಗಿದ್ದವು.

ನನ್ನ ಮಿಶ್ರ ಜೋಡಿಗೆ ಸುಮಾರು 180 ಫ್ರಾಂಕ್ ಕೊಟ್ಟಿದ್ದೆ. ಮೂರು ಚಳಿಗಾಲದ ನಂತರ ಮುಂಭಾಗದ ಅಂಟು ತೆಳುವಾಗಿದೆ, ಈ ಶರತ್ಕಾಲದಲ್ಲಿ ಹೊಸದಾಗಿ ಬಳಿಸಲು ಕೊಟ್ಟಿದ್ದೇನೆ. ಎಡದ ಸ್ಕಿನ್ನಿನ ನಡುವೆ ಅಂಗೈಯಷ್ಟು ಜಾಗ ಬೋಳಾಗಿದೆ. ಹಿಮ ಕರಗಿದ ರಸ್ತೆಬದಿಯಲ್ಲಿ, ಸ್ಕೀ ಬಿಚ್ಚುವ ಸೋಮಾರಿತನಕ್ಕೆ, ಕಲ್ಲಿನ ಮೇಲೆಯೇ ಐವತ್ತು ಹೆಜ್ಜೆ ನಡೆದದ್ದರ ಫಲ ಅದು, ಮತ್ತು ಅದಕ್ಕೆ ಬಳಿಯಲು ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ.