ಸುಟ್ಟ ನೆಗೆಟಿವ್‌ನಿಂದ ಎದ್ದುಬಂದ ಅಪು: ಒಂದು ಡಿವಿಡಿ ಸಂಪುಟದ ಪರಿಶೀಲನೆ

ಹಾಸನದಂಥ ಊರಿನಲ್ಲಿದ್ದುಕೊಂಡು ಕಲಾತ್ಮಕ ಚಿತ್ರಗಳ ಡಿವಿಡಿ ಸಂಗ್ರಹಿಸುವವರಿಗೆ ಈಗ ಅಂಗಡಿಯ ಆಸರೆ ಉಳಿದಿಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ತೊಡಗಿದಾಗ ನಾನು ಪ್ರತಿ ಶನಿವಾರ ಬಿ.ಎಂ. ರಸ್ತೆಯ ಕ್ಯಾಸೆಟ್ ಅಂಗಡಿಯೊಂದಕ್ಕೆ ಹೋಗಿ, ಹೊಸ ಸಿನಿಮಾಗಳ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡಿರುತ್ತಿದ್ದ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಹುಡುಕಿ ತರುತ್ತಿದ್ದೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್‌ಗಳು ತೂಗಾಡುತ್ತಿವೆ. ಆದ್ದರಿಂದ ಒಳ್ಳೆಯ ಡಿಸ್ಕ್ ಬೇಕೆಂದರೆ ದೂರದಿಂದ ತರಿಸಿಕೊಳ್ಳಬೇಕು. ಹಾಗೆ ತರಿಸುವ ಮೊದಲು ಅದು ತರಿಸಲು ಯೋಗ್ಯವೇ ಎಂಬುದನ್ನು ತಿಳಿದಿರಬೇಕು. ಅಮೆರಿಕದಲ್ಲಿರುವ ಅಕ್ಕನ ಮಗಳು ಕಳೆದ ಸಲ ಊರಿಗೆ ಬಂದಾಗ ತಂದುಕೊಟ್ಟ, ಕಲಾತ್ಮಕ ಚಿತ್ರಗಳ ಡಿಸ್ಕ್ ಹೊರತರುವ ಅಮೆರಿಕದ ಕಂಪನಿ ಕ್ರೈಟೀರಿಯನ್ ಕಲೆಕ್ಷನ್‌ನ ‘ಅಪು ಟ್ರಿಲಜಿ’ ಡಿವಿಡಿ ಸಂಪುಟವನ್ನು ಎರಡು ಬಾರಿ ಪೂರ್ತಿಯಾಗಿ ನೋಡಿದ ಮೇಲೆ, ಇಂಥ ಸಂಪುಟವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನೂ ಸೇರಿಸಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೊ’ (1956) ಮತ್ತು ‘ಅಪುರ್ ಸಂಸಾರ್’ (1959) ಎಂಬ, ಅಪು ಎನ್ನುವ ಹುಡುಗನ ಬದುಕಿನ ಕಥೆ ಹೇಳುವ ಮೂರೂ ಬಂಗಾಳಿ ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಹೆಂಡರ್ಸನ್ ಲ್ಯಾಬಿನಲ್ಲಿ ಹೊತ್ತಿಕೊಂಡ ಬೆಂಕಿಗೆ ಸಿಕ್ಕಿದವು. ಅಳಿದುಳಿದ ಸುರುಳಿಗಳನ್ನು ಆಸ್ಕರ್ ಪ್ರಶಸ್ತಿ ಕೊಡುವ ಅಮೆರಿಕದ ಅಕಾಡೆಮಿಯ ಫಿಲ್ಮ್ ಸಂಗ್ರಹಾಲಯವು ಬಿಸಾಡದೆ ಇಟ್ಟುಕೊಂಡಿತು. ಎರಡು ದಶಕಗಳ ನಂತರ ಅವು ಇಟಲಿಯ ಬೊಲೋನ್ಯಾದಲ್ಲಿರುವ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿಗೆ ಹೋದವು. ಅಲ್ಲಿಯ ಕುಶಲಕರ್ಮಿಗಳು ಒಣಗಿ ಗರಿಗರಿಯಾಗಿದ್ದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಕರಗಿ ಅಂಟಿದ್ದ ಟೇಪು ಮತ್ತು ಮೇಣವನ್ನು ಬಿಡಿಸಿ, ಅಂಚಿನ ರಂಧ್ರಗಳನ್ನು ಹೊಸದಾಗಿ ಕಟ್ಟಿ, ಸುಮಾರು ಸಾವಿರ ಗಂಟೆಗಳ ಕೈಕೆಲಸದಿಂದ ಅವನ್ನು ಸ್ಕ್ಯಾನರ್ ದಾಟುವ ಸ್ಥಿತಿಗೆ ತಂದರು. ‘ಪಥೇರ್ ಪಾಂಚಾಲಿ’ಯ ಶೇಕಡಾ 40ರಷ್ಟು ಭಾಗ ಮತ್ತು ‘ಅಪರಾಜಿತೊ’ದ ಶೇಕಡಾ 60ಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವ್‌ಗಳಿಂದಲೇ ಬಂದಿದೆ. ಉಳಿದ ಭಾಗಕ್ಕೂ ಇಡೀ ‘ಅಪುರ್ ಸಂಸಾರ್’ಗೂ ಬೇರೆ ಬೇರೆ ಸಂಗ್ರಹಾಲಯಗಳಲ್ಲಿದ್ದ ನಕಲು ನೆಗೆಟಿವ್ ಮತ್ತು ಮಾಸ್ಟರ್ ಪ್ರತಿಗಳನ್ನು ಬಳಸಲಾಗಿದೆ. 2015ರಲ್ಲಿ ಮುಗಿದ ಈ 4ಕೆ (ಅತಿ ಸೂಕ್ಷ್ಮ ವಿವರದ ಡಿಜಿಟಲ್) ಪುನರುಜ್ಜೀವನವೇ ನನ್ನ ಕೈಯಲ್ಲಿರುವ ಡಿಸ್ಕುಗಳ ಆಧಾರ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಡಿವಿಡಿಯ ಗುಣಮಟ್ಟವೆಂದರೆ ಚಿತ್ರ ಎಷ್ಟು ಹೊಳೆಯುತ್ತದೆ ಎಂಬುದೇ ಎಂದು ಹಲವರು ತಿಳಿದಿದ್ದಾರೆ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ: ಈ ಡಿಸ್ಕನ್ನು ಯಾವ ಪ್ರತಿಯಿಂದ ತೆಗೆದರು, ಆ ಪ್ರತಿಯಲ್ಲಿ ಇದ್ದುದನ್ನು ಎಷ್ಟು ನಿಷ್ಠೆಯಿಂದ ನಮ್ಮವರೆಗೆ ದಾಟಿಸಿದರು? ಆ ಪ್ರಶ್ನೆಗೆ ಉತ್ತರ ಕೊಡದ ಪ್ರಕಾಶಕರ ಡಿಸ್ಕನ್ನು, ಅದರ ಹೊದಿಕೆ ಎಷ್ಟೇ ಅಂದವಾಗಿದ್ದರೂ, ನಾನು ಅನುಮಾನದಿಂದಲೇ ತೆರೆಯುತ್ತೇನೆ. ಈ ಸಂಪುಟವು ಉತ್ತರ ಕೊಡುವುದಷ್ಟೇ ಅಲ್ಲ, ಪುನರುಜ್ಜೀವನದ ಕೆಲಸವನ್ನು ತೋರಿಸುವ ಒಂದು ಕಿರುಚಿತ್ರವನ್ನೂ ಒಳಗೊಂಡಿದೆ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ‘ಅಪರಾಜಿತೊ’ದಲ್ಲಿ ಕಾಶಿಯ ಮನೆಯೊಳಗಿನ ದೃಶ್ಯಗಳನ್ನು. ಆ ಮನೆ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಮುಗಿಲಿಗೆ ತೆರೆದ ಅಂಗಳದ ಬೆಳಕು ಹೇಗಿರುತ್ತದೋ ಹಾಗೆಯೇ ಕಾಣಬೇಕೆಂದು ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಿಳಿಯ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಬಟ್ಟೆಗೆ ತಾಗಿ ಹಿಂದಿರುಗಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ಆ ಬೆಳಕಿನ ಬೆಲೆಯೆಲ್ಲ ಇರುವುದು ಕಪ್ಪಿಗೂ ಬಿಳುಪಿಗೂ ನಡುವಿನ ಬೂದು ಬಣ್ಣಗಳಲ್ಲಿ. ಕಾಂಟ್ರಾಸ್ಟ್ ಹೆಚ್ಚಿಸಿ ಚಿತ್ರವನ್ನು ‘ಚೊಕ್ಕ’ ಮಾಡುವ ಪ್ರಕಾಶಕರು ಮೊದಲು ಕೊಲ್ಲುವುದೂ ಅವುಗಳನ್ನೇ. ಈ ಡಿಸ್ಕಿನಲ್ಲಿ ಗೋಡೆಯ ಗಾರೆ, ಅಪುವಿನ ತಾಯಿ ಸರ್ಬಜಯಾಳ ಸೀರೆಯ ನೆರಿಗೆ, ತಂದೆ ಹರಿಹರನ ಮುಖದ ದಣಿವು ಎಲ್ಲವೂ ಒಂದರೊಳಗೊಂದು ಕರಗದೆ ಬೇರೆ ಬೇರೆಯಾಗಿ ಉಳಿದಿವೆ. ನಮ್ಮ ಮನೆಯ ಹಳೆಯ ತೊಟ್ಟಿಯಲ್ಲಿ ಆಷಾಢದ ಮಧ್ಯಾಹ್ನ ಬೀಳುತ್ತಿದ್ದ, ನೆರಳೇ ಇಲ್ಲದ ಬೆಳಕು ನನಗೆ ಅಲ್ಲಿ ಕಂಡಿತು. ಎಷ್ಟೋ ವರ್ಷಗಳಿಂದ ನೋಡುತ್ತಿದ್ದ ಚಿತ್ರದಲ್ಲಿ ಅದನ್ನು ಕಂಡದ್ದು ಇದೇ ಮೊದಲು.

ಫಿಲ್ಮಿನ ಗ್ರೇನ್ ಅನ್ನು ಒರೆಸಿಹಾಕಿಲ್ಲ ಎಂಬುದು ಈ ಸಂಪುಟದ ಎರಡನೆಯ ದೊಡ್ಡ ಗುಣ. ಹಳೆಯ ಚಿತ್ರದಲ್ಲಿ ಸಣ್ಣಗೆ ಮಿಡುಕುವ ಆ ಕಣಗಳನ್ನು ಕೊಳೆಯೆಂದು ಭಾವಿಸಿ ಕಂಪ್ಯೂಟರಿನಿಂದ ಅಳಿಸಿದರೆ ಅವುಗಳ ಜೊತೆಗೆ ಕೂದಲು, ನೂಲು, ಚರ್ಮದ ಸುಕ್ಕುಗಳೂ ಹೋಗಿ ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಬೇಲೂರಿನ ಶಿಲಾಬಾಲಿಕೆಯ ಆಭರಣಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇಲ್ಲಿ ಗ್ರೇನ್ ಉಳಿದಿರುವುದರಿಂದಲೇ, ಮೂಲ ನೆಗೆಟಿವ್‌ನ ಭಾಗ ಮುಗಿದು ನಕಲು ಪ್ರತಿಯ ಭಾಗ ಆರಂಭವಾಗುವ ಕಡೆ ಚಿತ್ರದ ಮೈ ತುಸು ಬದಲಾಗುವುದು ಗಮನವಿಟ್ಟು ನೋಡುವವರಿಗೆ ತಿಳಿಯುತ್ತದೆ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸುಟ್ಟದ್ದನ್ನು ಸುಟ್ಟೇ ಇಲ್ಲವೆಂಬಂತೆ ಮರೆಮಾಚದಿರುವುದು ಪ್ರಾಮಾಣಿಕ ಕೆಲಸ.

ಚೌಕಟ್ಟು ಮತ್ತು ವೇಗದ ವಿಷಯಕ್ಕೆ ಬಂದರೆ, ನನ್ನ ಕಪಾಟಿನಲ್ಲೇ ಇರುವ ಒಂದು ಕೆಟ್ಟ ಉದಾಹರಣೆಯನ್ನು ಹೇಳಬೇಕು. ಎಪ್ಪತ್ತರ ದಶಕದ ಒಂದು ಕಪ್ಪು-ಬಿಳುಪು ಕನ್ನಡ ಚಿತ್ರದ ಡಿವಿಡಿಯನ್ನು ಹಲವು ವರ್ಷಗಳ ಹಿಂದೆ ಬಹಳ ಆಸೆಯಿಂದ ಕೊಂಡಿದ್ದೆ. ಪ್ರಕಾಶಕರ ಹೆಸರು ಇಲ್ಲಿ ಬೇಡ. ಬಹುತೇಕ ಚೌಕಾಕಾರದಲ್ಲಿದ್ದ ಚಿತ್ರವನ್ನು ಅಗಲ ಟಿವಿಯ 16:9 ಅಳತೆಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದರು, ಅಂದರೆ ಛಾಯಾಗ್ರಾಹಕರು ಇಟ್ಟ ಚೌಕಟ್ಟಿನ ಕಾಲು ಭಾಗವೇ ಇರಲಿಲ್ಲ. ನಿಂತವರ ತಲೆ ಹಾರಿಹೋಗಿತ್ತು, ಕುಳಿತವರ ಮುಂದಿನ ಎಲೆ ಕಾಣುತ್ತಿರಲಿಲ್ಲ. ಯಾರಾದರೂ ವೇಗವಾಗಿ ನಡೆದರೆ ಅವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತಿದ್ದವು. ಮೂಲೆಯಲ್ಲಿ ಕಂಪನಿಯ ಮುದ್ರೆ ಕೊನೆಯವರೆಗೂ ಕದಲಲಿಲ್ಲ. ಆ ದಿನ ನನಗಾದ ದುಃಖ ಹಣ ಹೋದುದಕ್ಕಲ್ಲ. ಆ ಚಿತ್ರವನ್ನು ಮೊದಲ ಬಾರಿಗೆ ಅದೇ ಡಿಸ್ಕಿನಲ್ಲಿ ನೋಡುವ ಹುಡುಗರು ನಮ್ಮ ಹೊಸ ಅಲೆಯ ಚಿತ್ರಗಳೆಂದರೆ ಇಷ್ಟೇ ಎಂದುಕೊಳ್ಳುತ್ತಾರಲ್ಲ ಎಂಬುದಕ್ಕೆ. ಅಪು ಸಂಪುಟದಲ್ಲಿ ಮೂಲದ ಚೌಕಟ್ಟು ಹಾಗೆಯೇ ಇದೆ, ಅಗಲ ಟಿವಿಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಆ ಪಟ್ಟಿಗಳನ್ನು ನೋಡಿ ರಿಮೋಟಿನಲ್ಲಿ ಚಿತ್ರವನ್ನು ಹಿಗ್ಗಿಸಬೇಡಿ ಎಂದು ಮನೆಗೆ ಬಂದವರನ್ನು ಕೇಳಿಕೊಳ್ಳುತ್ತೇನೆ.

ವೇಗವನ್ನು ಅಳೆಯಲು ಯಾವ ಯಂತ್ರವೂ ಬೇಡ, ಹೊದಿಕೆಯ ಹಿಂಬದಿಯ ಅವಧಿಯನ್ನು ಓದಿದರೆ ಸಾಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ. ನಮ್ಮ ದೇಶದಲ್ಲೂ ಯುರೋಪಿನಲ್ಲೂ ಡಿವಿಡಿಗಳಿಗೆ ಬಳಸುವ ಪಾಲ್ ಎಂಬ ವಿಡಿಯೋ ಪದ್ಧತಿಯಲ್ಲಿ ಅದನ್ನು 25ಕ್ಕೆ ಏರಿಸುವ ರೂಢಿಯಿರುವುದರಿಂದ 125 ನಿಮಿಷದ ‘ಪಥೇರ್ ಪಾಂಚಾಲಿ’ 120 ನಿಮಿಷಕ್ಕೇ ಮುಗಿದುಬಿಡುತ್ತದೆ. ಐದು ನಿಮಿಷ ಹೋದುದಕ್ಕಿಂತ ಹೆಚ್ಚಿನ ನಷ್ಟ ಶ್ರುತಿಯದು: ಸರಿಪಡಿಸದಿದ್ದರೆ ದನಿ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲಿನಷ್ಟು ಮೇಲೇರುತ್ತದೆ. ರವಿಶಂಕರ್ ಅವರ ಸಂಗೀತವಿರುವ ಚಿತ್ರಕ್ಕೆ ಇದು ಸಣ್ಣ ಮಾತಲ್ಲ. ಈ ಸಂಪುಟ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯದು. ಪಾಲ್‌ನ 576 ಗೆರೆಗಳ ಬದಲು 480 ಗೆರೆಗಳು ಮಾತ್ರ ಇರುವುದರಿಂದ ಸೂಕ್ಷ್ಮ ವಿವರ ತುಸು ಕಡಿಮೆಯಾದರೂ ವೇಗ ಮತ್ತು ಶ್ರುತಿ ಎರಡೂ ನಿಜವಾಗಿ ಉಳಿಯುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಆರಿಸುವುದು ಶ್ರುತಿಯನ್ನೇ. ‘ಪಥೇರ್ ಪಾಂಚಾಲಿ’ಯಲ್ಲಿ ಹರಿಹರ ಪ್ರವಾಸದಿಂದ ಮರಳಿ ಬಂದು, ಅಷ್ಟರಲ್ಲಿ ತೀರಿಹೋಗಿದ್ದ ಮಗಳಿಗೆ ತಂದ ಸೀರೆಯನ್ನು ತೋರಿಸಿದಾಗ ಸರ್ಬಜಯಾ ಬಾಯಿ ತೆರೆದು ಅಳುತ್ತಾಳೆ, ಆದರೆ ನಮಗೆ ಕೇಳಿಸುವುದು ಅವಳ ದನಿಯಲ್ಲ, ತಾರ್ ಶಹನಾಯ್ ಎಂಬ ತಂತಿವಾದ್ಯ. ನಾನು ಹಿಂದೆ ಕೇಳಿದ ಪ್ರತಿಯಲ್ಲಿ ಆ ನಾದ ಒಡೆದು ಕಿರುಚುತ್ತಿತ್ತು. ಇಲ್ಲಿ ಅದು ತಾರಸ್ಥಾಯಿಗೆ ಏರಿದರೂ ಬಿರಿಯುವುದಿಲ್ಲ. ಧ್ವನಿಯನ್ನು ಮೂಲದಂತೆ ಮೋನೋದಲ್ಲೇ, ಅಂದರೆ ಒಂದೇ ವಾಹಿನಿಯಲ್ಲೇ, ಇಟ್ಟಿದ್ದಾರೆ.

ಉಪಶೀರ್ಷಿಕೆಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ. ಅವನ್ನು ಹೊಸದಾಗಿ ಅನುವಾದಿಸಿದ್ದಾರೆ, ಬೇಡವೆಂದರೆ ತೆಗೆದುಬಿಡಬಹುದು. ಅಪುವಿನ ಅಕ್ಕ ದುರ್ಗಾ, ಮುದುಕಿ ಇಂದಿರ್‌ಳನ್ನು ಕರೆಯುವ ‘ಪಿಶಿ’ ಎಂಬ ಪದ ನಮ್ಮ ಸೋದರತ್ತೆಗೆ ಸಮ. ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರನ್ನೂ ಒಂದೇ ಪದಕ್ಕೆ ಸೇರಿಸುವ ಇಂಗ್ಲಿಷಿನಲ್ಲಿ ಆ ನಂಟಿನ ಹದ ಬರುವುದಿಲ್ಲ. ಇಂಗ್ಲಿಷ್ ಓದದ ನನ್ನ ತಾಯಿ ಉಪಶೀರ್ಷಿಕೆಯ ಹಂಗಿಲ್ಲದೆ ಇಡೀ ಚಿತ್ರವನ್ನು ನೋಡಿ, ಆ ಮುದುಕಿಯ ಹರಿದ ಸೆರಗಿನ ಬಗ್ಗೆ ರಾತ್ರಿ ಊಟದ ಹೊತ್ತಿನಲ್ಲೂ ಮಾತಾಡಿದರು. ಜೊತೆಗಿರುವ ವಿಶೇಷ ವಸ್ತುಗಳಲ್ಲಿ ರಾಯ್ ಅವರೇ 1958ರಲ್ಲಿ ತಮ್ಮ ಪ್ರಬಂಧವನ್ನು ಓದಿದ ಧ್ವನಿಮುದ್ರಣಕ್ಕೆ ಬೆಲೆ ಕಟ್ಟಲಾಗದು. ‘ಅಪುರ್ ಸಂಸಾರ್’ನಲ್ಲಿ ನಟಿಸಿದ ಸೌಮಿತ್ರ ಚಟರ್ಜಿ ಮತ್ತು ಶರ್ಮಿಳಾ ಟಾಗೋರ್ ಅವರ ಸಂದರ್ಶನಗಳೂ ಚೆನ್ನಾಗಿವೆ. ಆದರೂ ಚಿತ್ರವೇ ಸರಿಯಿಲ್ಲದ ಡಿಸ್ಕಿನಲ್ಲಿ ಎಷ್ಟು ಸಂದರ್ಶನಗಳಿದ್ದರೇನು?

ಕೊಳ್ಳುವವರು ಒಂದು ಅಡ್ಡಿಯನ್ನು ಮೊದಲೇ ತಿಳಿದಿರಬೇಕು. ಡಿವಿಡಿಗಳಿಗೆ ಜಗತ್ತಿನ ಭಾಗಗಳಿಗೆ ತಕ್ಕಂತೆ ವಲಯ ಗೊತ್ತುಮಾಡಿ ಬೀಗ ಹಾಕಿರುತ್ತಾರೆ. ಈ ಡಿವಿಡಿಗಳು ಅಮೆರಿಕ ಇರುವ 1ನೇ ವಲಯದವು, ಭಾರತ ಇರುವುದು 5ನೇ ವಲಯದಲ್ಲಿ. ಎಲ್ಲ ವಲಯದ ಡಿಸ್ಕನ್ನೂ ಓದುವ ಪ್ಲೇಯರ್ ನಿಮ್ಮಲ್ಲಿ ಇಲ್ಲದಿದ್ದರೆ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬರುತ್ತದೆಯೇ ಹೊರತು ಅಪು ಬರುವುದಿಲ್ಲ. ಹಳೆಯ ಡಿವಿಡಿ ಪೆಟ್ಟಿಗೆಯನ್ನು ಯಾರಿಂದಲಾದರೂ ಕೊಳ್ಳುವಾಗ ಡಿಸ್ಕಿನ ಬೆನ್ನನ್ನು ಬೆಳಕಿಗೆ ಹಿಡಿಯಿರಿ: ಕಾರ್ಖಾನೆಯಲ್ಲಿ ಒತ್ತಿದ್ದು ಬೆಳ್ಳಿಯಂತೆಯೋ ಎಳೆ ಚಿನ್ನದಂತೆಯೋ ಇರುತ್ತದೆ, ಮನೆಯಲ್ಲಿ ನಕಲು ಮಾಡಿದ್ದು ನೇರಳೆಗೆ ತಿರುಗಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ರಟ್ಟಿನ ಹೊದಿಕೆಗೆ ಬೂಷ್ಟು ಹಿಡಿಯದಂತೆ ಡಿಸ್ಕುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕುವುದು ಒಳ್ಳೆಯದು; ಹಾಸನದಲ್ಲಿ ನಾನೂ ಅದನ್ನೇ ಮಾಡುತ್ತೇನೆ.

ಈ ಸಂಪುಟವನ್ನು ನೋಡುವಾಗಲೆಲ್ಲ ನಮ್ಮ ಭಾಷೆಯ ಚಿತ್ರಗಳಿಗೆ ಇಷ್ಟು ಆರೈಕೆ ಯಾವಾಗ ಸಿಕ್ಕೀತು ಎಂದು ಮನಸ್ಸು ಹಂಬಲಿಸುತ್ತದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನ ನೆರವಿನಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಆ ಕೆಲಸವೂ ನಡೆದದ್ದು ಅದೇ ಬೊಲೋನ್ಯಾದ ಲ್ಯಾಬಿನಲ್ಲಿ. ತೇಜಸ್ವಿಯವರ ಕತೆಯನ್ನು ಆಧರಿಸಿದ ‘ತಬರನ ಕಥೆ’ಗೂ ಅಂಥದೇ ಕೈಗಳು ಸಿಗಬೇಕೆಂಬುದು ನನ್ನ ಆಸೆ. ಅವು ಡಿಸ್ಕಿನ ರೂಪದಲ್ಲಿ ನನ್ನ ಕೈಗೆ ಬಂದ ದಿನ ನಾನು ಹೊದಿಕೆಯ ಹಿಂಬದಿಯ ಅವಧಿಯನ್ನು ಮೊದಲು ಓದುತ್ತೇನೆ, ಆಮೇಲೆ ಪರದೆಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿಗಳಿವೆಯೇ ಎಂದು ನೋಡುತ್ತೇನೆ.